ಜಡ್ಜಮ್ಮನ ಖಾಲಿ ಹಾಳೆ

ಫೆಬ್ರವರಿ 3, ಸೋಮವಾರ

ಈ ಮನೆಯ ಇತಿಹಾಸದಲ್ಲಿ ಮೊದಲ ಬಾರಿಗೆ ನನಗೊಂದು ಹುದ್ದೆ ಸಿಕ್ಕಿದೆ. ನೇಮಕಾತಿ ನಡೆದದ್ದು ಅಡುಗೆಮನೆಯ ಬಾಗಿಲಲ್ಲಿ. ಸಂದರ್ಶನ ಮಾಡಿದವಳು ಅಕ್ಕ. ಕೇಳಿದ್ದು ಒಂದೇ ಪ್ರಶ್ನೆ: "ಮನೇಲಿ ಬಿದ್ಕೊಂಡು ಏನು ಕಡಿದು ಕಟ್ಟೆ ಹಾಕ್ತಿದೀಯ?" ಉತ್ತರ ತಿಳಿಯದ ಕಾರಣ ಆಯ್ಕೆಯಾದೆ.

ಕೆಲಸ ಇಷ್ಟು: ಜಡ್ಜಮ್ಮನಿಗೆ ಪರೀಕ್ಷೆ ಬರೆಯುವುದನ್ನು ಕಲಿಸಬೇಕು. ಜಡ್ಜಮ್ಮ ಅಂದರೆ ಅಕ್ಕನ ಮಗಳು, ಹನ್ನೊಂದು ವರ್ಷ. ಹುಟ್ಟಿದಾಗಿನಿಂದ ತೀರ್ಪು ಕಾಯ್ದಿರಿಸಿದ ಮುಖ. ಅದಕ್ಕೇ ಆ ಹೆಸರಿಟ್ಟೆ. ಇವತ್ತು ಟೀಚರ್ ಅಕ್ಕನನ್ನು ಶಾಲೆಗೆ ಕರೆಸಿ ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಉತ್ತರಪತ್ರಿಕೆ ತೋರಿಸಿದರಂತೆ. ಹೆಸರು, ನಂಬರು, ಸ್ಕೇಲಿಟ್ಟು ಎಳೆದ ಮಾರ್ಜಿನ್ನು. ಎಂಟು ಪುಟಕ್ಕೂ ಮಾರ್ಜಿನ್ನು. ಅದರಾಚೆ ಬಿಳಿ ಹಾಳೆ. ಮಾರ್ಚ್ 12ರ ವಾರ್ಷಿಕ ಪರೀಕ್ಷೆಯಲ್ಲೂ ಹೀಗೇ ಆದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ. ಗೆಳತಿಯರೆಲ್ಲ ಮುಂದೆ, ಜಡ್ಜಮ್ಮ ಹಿಂದೆ.

ಅಕ್ಕನಿಗೆ ಕಲಿಸಲು ಪುರುಸೊತ್ತಿಲ್ಲ. ಊರಿನ ಬೊಚ್ಚು ಬಾಯಿಗಳೆಲ್ಲ ಅವಳನ್ನೇ ನಂಬಿವೆ. ಮುಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುತ್ತಾಳೆ. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ, ಇವಳು ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತಾಳೆ. ಭಾವ ಲಿಫ್ಟ್ ರಿಪೇರಿಯವರು. ಬೆಳಿಗ್ಗೆ ಹೋದರೆ ಯಾವ ಮಹಡಿಯಲ್ಲಿ ಸಿಕ್ಕಿಕೊಂಡಿರುತ್ತಾರೋ ಅವರಿಗೇ ಗೊತ್ತಿರುವುದಿಲ್ಲ.

ನನ್ನ ಅರ್ಹತೆಯನ್ನೂ ದಾಖಲಿಸಬೇಕು. ಕಳೆದ ವರ್ಷ ಸರ್ವೇ ಡಿಪ್ಲೊಮಾದ ಕೊನೆಯ ಪರೀಕ್ಷೆಯಲ್ಲಿ ಉತ್ತರದ ಬದಲು ಮೌಲ್ಯಮಾಪಕರಿಗೆ ಒಂದು ಪತ್ರ ಬರೆದೆ. "ಮಹನೀಯರೇ, ಭೂಮಿಯನ್ನು ಅಳೆಯಲು ನಾವು ಯಾರು? ಅದು ನಮ್ಮನ್ನು ಅಳೆಯುವವರೆಗೆ ಕಾಯೋಣವೆಂದು ಸವಿನಯ ಪ್ರಾರ್ಥನೆ" ಎಂದು ಶುರುವಾಗಿ ಆರು ಪುಟ. ಕಾಲೇಜಿನವರು ಒಂದು ವರ್ಷ ಪರೀಕ್ಷೆಗೆ ಕೂರಿಸಲಿಲ್ಲ. ಪತ್ರ ಮಾತ್ರ ಕೈಯಿಂದ ಕೈಗೆ ಹೋಗಿ ನಾನು ಪ್ರಸಿದ್ಧನಾದೆ. ಅಕ್ಕ ಫೋನಿನಲ್ಲಿ ಅಮ್ಮನಿಗೆ ಓದಿ ಹೇಳುವಾಗ ನಕ್ಕೂ ನಕ್ಕೂ ಬಿಕ್ಕಳಿಸಿದ್ದಳು. ಈಗ ನಗುವವರೆಲ್ಲ ನಕ್ಕು ಮುಗಿಸಿದ್ದಾರೆ.

ಹುದ್ದೆ ಸಿಕ್ಕಿದ್ದಕ್ಕೆ ಸಂತೋಷವಾಗಬೇಕಿತ್ತು. ಒಳಗೆ ಹೋಗಿ ಪರಿಶೀಲಿಸಿದೆ. ಆಗಿಲ್ಲ. ಬೇಸರವೂ ಆಗಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಹಾಗಿದೆ. ಕಚ್ಚಿಕೊಂಡರೂ ಯಾರದೋ ತುಟಿ.

ಫೆಬ್ರವರಿ 6, ಗುರುವಾರ

ಪ್ರಾಥಮಿಕ ತನಿಖೆ ಪೂರ್ಣಗೊಂಡಿತು. ಆರೋಪಿಗೆ ಎಲ್ಲವೂ ಗೊತ್ತಿದೆ. ಭಿನ್ನರಾಶಿ ಕೇಳಿದೆ, ಹೇಳಿದಳು. ಶೇಕಡಾವಾರು ಕೇಳಿದೆ, ಹೇಳಿ, ನಾನು ಕೇಳಿದ ಪ್ರಶ್ನೆಯಲ್ಲೇ ತಪ್ಪಿದೆ ಎಂದು ತಿದ್ದಿದಳು.

"ಮತ್ತೆ ಪರೀಕ್ಷೇಲಿ ಯಾಕೆ ಬರೀಲಿಲ್ಲ?"

"ಗೊತ್ತಿಲ್ಲ ಮಾಮ."

"ಪೆನ್ನಲ್ಲಿ ಇಂಕ್ ಇರಲಿಲ್ವಾ?"

"ಮಾರ್ಜಿನ್ ಎಳೆದಿದ್ನಲ್ಲ."

ನ್ಯಾಯಾಧೀಶರ ಜೊತೆ ವಾದ ಮಾಡಬಾರದು.

ರೋಗವನ್ನು ನಾನೇ ಪತ್ತೆ ಹಚ್ಚಿದೆ: ಹುಡುಗಿಗೆ ಪರೀಕ್ಷೆಯ ಕೊಠಡಿಯ ಅಭ್ಯಾಸವಿಲ್ಲ. ಆದ್ದರಿಂದ ಮಧ್ಯಾಹ್ನ ಅವಳು ಬೆಳಗಿನ ಶಾಲೆ ಮುಗಿಸಿ ಬಂದ ಮೇಲೆ ಅಕ್ಕನ ಕೋಣೆಯಲ್ಲೇ ಪರೀಕ್ಷಾ ಕೇಂದ್ರ ತೆರೆದೆ. ಕಪಾಟಿನಲ್ಲಿದ್ದ ಪ್ಲಾಸ್ಟರ್ ದವಡೆಗಳನ್ನು ಮೇಜಿನ ಮೇಲೆ ಸಾಲಾಗಿ ಕೂರಿಸಿ ಒಂದೊಂದಕ್ಕೂ ನೋಂದಣಿ ಸಂಖ್ಯೆ ಕೊಟ್ಟೆ. ಒಟ್ಟು ಹದಿನೇಳು ಅಭ್ಯರ್ಥಿಗಳು, ಎಲ್ಲರೂ ಹಲ್ಲು ಕಿರಿದುಕೊಂಡು. ಭಾವನ ಹಳೇ ಕೋಟು ತೊಟ್ಟು, ಹತ್ತಿಯ ಮೀಸೆ ಅಂಟಿಸಿಕೊಂಡು ನಾನು ಕೊಠಡಿ ಮೇಲ್ವಿಚಾರಕನಾದೆ.

"ಏಳನೇ ನಂಬರ್! ಪಕ್ಕದವರ ಪೇಪರ್ ಯಾಕೆ ನೋಡ್ತಿದೀಯ? ಕೆಳದವಡೆ ಆಗಿ ಹುಟ್ಟಿದ ಮಾತ್ರಕ್ಕೆ ಮೇಲಿನವರದ್ದು ಕಾಪಿ ಹೊಡೀಬೇಕಾ?"

ಜಡ್ಜಮ್ಮ ಮೂಗಿನಲ್ಲಿ ನಗುತ್ತಾ ಬರೆದಳು. ನಲವತ್ತಕ್ಕೆ ಮೂವತ್ತೆಂಟು.

"ಇದು ಪರೀಕ್ಷೇನೋ ನಾಟಕಾನೋ?" ಎಂದು ಅಕ್ಕ ಕೇಳಿದಳು, ಮೇಣ ಕಾಯಿಸುತ್ತಾ. "ಆ ಹನ್ನೆರಡನೇದನ್ನ ಜೋಪಾನ. ನಾಳೆ ಅವರ ಮಗನ ಮದುವೆ."

ಫೆಬ್ರವರಿ 10, ಸೋಮವಾರ

ಮೂರನೇ ಮಾದರಿ ಪರೀಕ್ಷೆ: ನಲವತ್ತಕ್ಕೆ ನಲವತ್ತು. ಗುರುವಿನ ಕೀರ್ತಿ ದಶದಿಕ್ಕಿಗೂ ಹಬ್ಬಿತು. ಗುರು ಮಧ್ಯಾಹ್ನ ಮೂರು ಗಂಟೆ ಕಾಲ ಗೋಡೆ ನೋಡುತ್ತಾ ಮಲಗಿದ್ದ.

ಫೆಬ್ರವರಿ 15, ಶನಿವಾರ

ನಿನ್ನೆ ಶಾಲೆಯಲ್ಲಿ ಕಿರುಪರೀಕ್ಷೆ ಇತ್ತು. ಇವತ್ತು ಪೇಪರ್ ಬಂತು. ಹೆಸರು. ನಂಬರು. ಮಾರ್ಜಿನ್ನು.

ಅಕ್ಕ ಅದನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಬೈಯಲಿಲ್ಲ. ಬೈದಿದ್ದರೆ ನನಗೂ ಒಂದು ಕೆಲಸ ಇರುತ್ತಿತ್ತು.

"ಏನಾಯ್ತೇ?" ಎಂದು ಜಡ್ಜಮ್ಮನನ್ನು ಕೇಳಿದೆ.

ಅವಳು ಬ್ರೆಡ್ಡಿನ ಅಂಚನ್ನು ಚೂರು ಚೂರು ಮಾಡುತ್ತಾ ಹೇಳಿದಳು: "ಅಲ್ಲಿ ಯಾರೂ ನಗಿಸಲಿಲ್ಲ ಮಾಮ. ನಾನು ಕಾದೆ. ಮಿಸ್ ಸುಮ್ನೆ ಕೂತಿದ್ರು."

ಅಂದರೆ ನಾನು ಹತ್ತು ದಿನ ಕಲಿಸಿದ್ದು ಪರೀಕ್ಷೆ ಬರೆಯುವುದನ್ನಲ್ಲ. ಒಬ್ಬ ಕೋಡಂಗಿ ಪಕ್ಕದಲ್ಲಿದ್ದರೆ ಮಾತ್ರ ಬರೆಯುವುದನ್ನು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರೆ. ಇಲ್ಲಿ ಆ ಪೂಜಾರಿ ನಾನೇ.

ಫೆಬ್ರವರಿ 16, ಭಾನುವಾರ

ವಿಶೇಷವೇನೂ ಇಲ್ಲ. ಭಾವನೆಗಳ ವಿಭಾಗಕ್ಕೆ ರಜೆ.

ಫೆಬ್ರವರಿ 18, ಮಂಗಳವಾರ

ಕೋಟು, ಮೀಸೆ ರದ್ದು. ದವಡೆಗಳೂ ಕಪಾಟಿಗೆ ವಾಪಸ್. ಬರೀ ಮೇಜು, ಪ್ರಶ್ನೆಪತ್ರಿಕೆ, ಗೋಡೆ ಗಡಿಯಾರ. ಎದುರಿಗೆ ನಾನು, ಬಾಯಿ ಮುಚ್ಚಿಕೊಂಡು. ಅಕ್ಕನಿಗೂ ಮಷೀನು ಹಾಕಬೇಡ ಎಂದು ಹೇಳಿದ್ದೆ.

ಈ ಸಲ ನೋಡಿದೆ.

ಮೊದಲು ಮಾರ್ಜಿನ್ನು ಎಳೆದಳು. ಪ್ರಶ್ನೆ ಓದಿದಳು. ಪೆನ್ನಿನ ತುದಿ ಹಾಳೆಗೆ ತಾಗಿತು, ಅಲ್ಲೇ ನಿಂತಿತು. ಒಂದು ಚುಕ್ಕೆ. ಚುಕ್ಕೆ ದೊಡ್ಡದಾಯಿತು. ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಕಣ್ಣು ಅಕ್ಷರಗಳ ಮೇಲೇ ಇತ್ತು, ಆದರೆ ಓದುವ ಕಣ್ಣಲ್ಲ. ಎರಡನೇ ಪುಟ ತಿರುಗಿಸಿ ಅಲ್ಲೂ ಮಾರ್ಜಿನ್ನು ಎಳೆದಳು. ಮೂರನೆಯದಕ್ಕೂ.

ಹತ್ತು ನಿಮಿಷ ತಡೆದೆ. ಹನ್ನೊಂದನೆಯದಕ್ಕೆ "ಎಂಜಿನಿಯರ್ ಸಾಹೇಬ್ರೇ, ರಸ್ತೆ ಹಾಕಿ ಮುಗೀತಾ?" ಎಂದುಬಿಟ್ಟೆ. ಅವಳು ನಕ್ಕಳು. ನಕ್ಕು ಬರೆದಳು.

ಮತ್ತೆ ಸೋತದ್ದು ನಾನು. ಅವಳ ಅವಸ್ಥೆ ನೋಡಲಾಗಲಿಲ್ಲ ಅನ್ನುವುದಕ್ಕಿಂತ, ಆ ಚುಕ್ಕೆಯನ್ನು ನೋಡಲಾಗಲಿಲ್ಲ.

ಫೆಬ್ರವರಿ 20, ಗುರುವಾರ

ಇವತ್ತು ಪಾಠ ನಡೆಯಲಿಲ್ಲ. ನನ್ನ ವಿಚಾರಣೆ ನಡೆಯಿತು. ಸ್ಥಳ: ಮೆಟ್ಟಿಲು. ಅವಳು ಶೂ ಬಿಚ್ಚುತ್ತಿದ್ದಳು, ನಾನು ಅವಳ ಬ್ಯಾಗು ಹಿಡಿದು ನಿಂತಿದ್ದೆ.

"ಮಾಮ, ನೀನು ಆವತ್ತು ಆ ಪತ್ರ ಯಾಕೆ ಬರೆದೆ?"

"ಲೋಕಕಲ್ಯಾಣಾರ್ಥ."

"ಅದಕ್ಕೆ ಮುಂಚೆ?"

"ಮುಂಚೆ ಅಂದ್ರೆ?"

"ಪತ್ರ ಶುರು ಮಾಡೋಕೆ ಮುಂಚೆ ಏನು ಮಾಡ್ತಿದ್ದೆ?"

"ಕೂತಿದ್ದೆ."

"ಸುಮ್ನೆ?"

ಇದನ್ನು ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಪತ್ರದ ಬಗ್ಗೆ ಎಲ್ಲರೂ ಕೇಳಿದ್ದರು, ಪತ್ರಕ್ಕೆ ಮುಂಚಿನದ್ದನ್ನು ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಯಾಕೋ ಒಂದೂ ತಯಾರಿರಲಿಲ್ಲ.

"ಸುಮ್ನೆ" ಎಂದೆ.

"ನಿನಗೂ ಎಲ್ಲಾ ಬೆಳ್ಳಗಾಯ್ತಾ?"

ಅವಳು ಅದಕ್ಕೆ ಹಾಗನ್ನುತ್ತಾಳೆ. ಬೆಳ್ಳಗಾಗೋದು. ಪ್ರಶ್ನೆ ಕಾಣುತ್ತದೆ, ಉತ್ತರ ಇದ್ದ ಜಾಗ ಮಾತ್ರ ಸುಣ್ಣ ಹೊಡೆದ ಹಾಗೆ ಆಗುತ್ತದಂತೆ.

"ಹೂಂ. ಬೆಳ್ಳಗಾಯ್ತು."

"ಆಮೇಲೆ ಹೋಯ್ತಾ?"

"ನೋಡಲಿಲ್ಲ ಕಣೇ. ಪಕ್ಕದವರೆಲ್ಲ ಬರೀತಾ ಇದ್ರು. ಸುಮ್ನೆ ಕೂತಿರೋದು ಕಾಣಬಾರದು ಅಂತ ಪತ್ರ ಶುರು ಮಾಡಿಬಿಟ್ಟೆ."

"ನಾನು ಮಾರ್ಜಿನ್ ಎಳೀತೀನಿ" ಎಂದಳು ಜಡ್ಜಮ್ಮ. ಆಮೇಲೆ ಒಂದು ಕಾಲಿನ ಶೂ ಕೈಯಲ್ಲೇ ಹಿಡಿದು ಕೇಳಿದಳು: "ಹಾಗಾದ್ರೆ ಅದು ಎಷ್ಟು ಹೊತ್ತಿಗೆ ಹೋಗುತ್ತೆ ಅಂತ ನಿನಗೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಮೂರು ವರ್ಷ ಸರ್ವೇ ಓದಿದವನು ನಾನು. ಕೆರೆ ಅಳೆದಿದ್ದೇನೆ, ಗುಡ್ಡ ಅಳೆದಿದ್ದೇನೆ. ಇದನ್ನು ಅಳೆಯಬಹುದು ಅಂತ ಹೊಳೆದೇ ಇರಲಿಲ್ಲ.

ಫೆಬ್ರವರಿ 21, ಶುಕ್ರವಾರ

ಅಳತೆ ಆರಂಭ. ನಿಯಮಗಳನ್ನು ಜಡ್ಜಮ್ಮನೇ ಹೇಳಿದಳು, ನಾನು ಬರೆದುಕೊಂಡೆ. ಅವಳು ಮಾರ್ಜಿನ್ನು ಎಳೆಯುವಂತಿಲ್ಲ. ನಾನು ತಮಾಷೆ ಮಾಡುವಂತಿಲ್ಲ. ಬೆಳ್ಳಗಾದರೆ ಪೆನ್ನು ಕೆಳಗಿಟ್ಟು ಕೂರಬೇಕು, ಹೋದಾಗ ಎತ್ತಿಕೊಳ್ಳಬೇಕು. ಹೋಗದಿದ್ದರೆ? "ಹೋಗದಿದ್ರೆ ಹೋಗಲ್ಲ ಅಂತ ಗೊತ್ತಾಗುತ್ತಲ್ಲ" ಎಂದಳು.

ಮೂರು ಗಂಟೆ ಎರಡು ನಿಮಿಷಕ್ಕೆ ಪೆನ್ನು ಕೆಳಗಿಟ್ಟಳು. ನಾನು ಗಡಿಯಾರ ನೋಡುತ್ತಾ ಕೂತೆ. ಐದು ನಿಮಿಷಕ್ಕೆ ನನ್ನ ನಾಲಿಗೆಯ ಮೇಲೆ ಒಳ್ಳೆಯದೊಂದು ಜೋಕು ಬಂತು. ಒಂಬತ್ತಕ್ಕೆ ಅದಕ್ಕಿಂತ ಒಳ್ಳೆಯದು. ನುಂಗಿದೆ. ಜಡ್ಜಮ್ಮನ ಮೇಲ್ದುಟಿಯಲ್ಲಿ ಬೆವರು ಬಂತು. ಹದಿನೈದಕ್ಕೆ ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಕೈ ತೋರಿಸಿ ತಡೆದೆ.

ಮೂರು ಇಪ್ಪತ್ತೊಂದು. ಮೂಗೆಳೆದುಕೊಂಡಳು. ಎರಡನೇ ಪ್ರಶ್ನೆಯನ್ನು ಇನ್ನೊಮ್ಮೆ ಓದಿದಳು. ಪೆನ್ನು ತಗೊಂಡಳು.

ಹತ್ತೊಂಬತ್ತು ನಿಮಿಷ.

"ಏನು ಮಾಡಿದೆ?" ಎಂದು ಆಮೇಲೆ ಕೇಳಿದೆ.

"ಏನೂ ಇಲ್ಲ. ಅದಕ್ಕೇ ಬೇಜಾರಾಗಿ ಹೊರಟೋಯ್ತು."

ಫೆಬ್ರವರಿ 24, ಸೋಮವಾರ

ಹದಿನಾಲ್ಕು ನಿಮಿಷ.

ಫೆಬ್ರವರಿ 26, ಬುಧವಾರ

ಇಪ್ಪತ್ತೊಂದು. ಇದು ಇಳಿಯುತ್ತಲೇ ಹೋಗುವ ಜಾತಿಯದ್ದಲ್ಲ ಅಂತ ಕಾಣುತ್ತದೆ. ಜಡ್ಜಮ್ಮನಿಗೆ ಬೇಸರವಾಗಲಿಲ್ಲ. "ಇಪ್ಪತ್ತೊಂದರೊಳಗೆ ಹೋಗುತ್ತೆ, ಬರಕೋ" ಎಂದಳು. ಬರೆದುಕೊಂಡೆ. ಹೇಳಿದ್ದನ್ನು ಬರೆಯುವ ಗುಮಾಸ್ತನ ಮಟ್ಟಕ್ಕೆ ಇಳಿದಿದೆ ಗುರುಪೀಠ.

ಸಾಲದ್ದಕ್ಕೆ ಒಂದು ದೂರು ದಾಖಲಾಗಿದೆ. ಅವಳು ಕಾಯುವಾಗ ನನ್ನ ಮುಖ ಅವಳಿಗಿಂತ ಜಾಸ್ತಿ ಕಾಯುತ್ತದಂತೆ. "ನಿನ್ನ ಮುಖ ನೋಡಿದ್ರೆ ನಂಗೆ ಜಾಸ್ತಿ ಹೊತ್ತು ಹಿಡಿಯುತ್ತೆ. ನೀನೂ ಏನಾದ್ರೂ ಮಾಡ್ಕೋ."

ಮುಖಕ್ಕೆ ಕೆಲಸ ಕೊಡಲು ಮಂಚದ ಕೆಳಗಿನ ಪೆಟ್ಟಿಗೆಯಿಂದ ಕೈಗೆ ಸಿಕ್ಕ ಹಾಳೆ ಎಳೆದುಕೊಂಡೆ. ಹಳೇ ಪ್ರಶ್ನೆಪತ್ರಿಕೆ, ಸರ್ವೇಯದ್ದು.

ಮಾರ್ಚ್ 1, ಶನಿವಾರ

ಇವತ್ತು ಕೋಣೆಯಲ್ಲಿ ಗಿರಾಕಿ. ನಿವೃತ್ತ ರೈಲ್ವೆ ಗಾರ್ಡು. ಹೊಸ ಸೆಟ್ಟನ್ನು ಡಾಕ್ಟರ ಹತ್ತಿರ ತೊಡಿಸಿಕೊಂಡು, ಕಚ್ಚುತ್ತದೆ ಎಂದು ನೇರ ಅಕ್ಕನ ಹತ್ತಿರ ಬಂದಿದ್ದರು. ಜಡ್ಜಮ್ಮ ಪೆನ್ನು ಕೆಳಗಿಟ್ಟು ಕೂತಿದ್ದಳು. ನಾನು ಎದುರಿಗೆ.

"ಏನಮ್ಮಾ, ಮಗೂಗೆ ಶಿಕ್ಷೇನಾ?" ಎಂದರು ಗಾರ್ಡು.

"ಇಲ್ಲ ಸಾರ್, ಪರೀಕ್ಷೆ" ಎಂದಳು ಅಕ್ಕ.

"ಬರೀತಾನೇ ಇಲ್ವಲ್ಲ?"

"ಅದನ್ನೇ ಕಲೀತಿದಾಳೆ. ನೀವು ಬಾಯಿ ತೆಗೀರಿ."

ಗಾರ್ಡು ಬಾಯಿ ತೆಗೆದವರು ಮುಚ್ಚಲಿಲ್ಲ. ಸೆಟ್ಟು ಅಕ್ಕನ ಕೈಯಲ್ಲಿದ್ದರೂ ಅರ್ಧ ಗಂಟೆ ಮಾತಾಡಿದರು. ಒಂದಕ್ಷರ ಅರ್ಥವಾಗಲಿಲ್ಲ. ಅದರ ನಡುವೆಯೇ ಜಡ್ಜಮ್ಮ ಪೆನ್ನು ಎತ್ತಿಕೊಂಡಳಂತೆ. ಎಷ್ಟು ನಿಮಿಷ ಅಂತ ನಾನು ನೋಡಲಿಲ್ಲ. ನನ್ನ ಸರ್ವೇ ಪತ್ರಿಕೆಯ, ನೆಲದ ಏರುತಗ್ಗಿನ ಮಟ್ಟ ತೆಗೆಯುವ ಲೆಕ್ಕ ಒಂದರಲ್ಲಿ ಒಂದೂವರೆ ಅಡಿ ವ್ಯತ್ಯಾಸ ಬರುತ್ತಿತ್ತು, ಎಲ್ಲಿ ತಪ್ಪಿತು ಎಂದು ಹುಡುಕುತ್ತಿದ್ದೆ.

"ಮಾಮ, ಟೈಮು ಬರಕೊಂಡ್ಯಾ?"

"ಒಂದ್ನಿಮಿಷ ಇರೇ."

ಅವಳೇ ಬರೆದುಕೊಂಡಿದ್ದಳು. ಹದಿನೇಳು.

ಮಾರ್ಚ್ 4, ಮಂಗಳವಾರ

ಅಕ್ಕ ಮಧ್ಯಾಹ್ನ ಪ್ಲಾಸ್ಟರ್ ಚೀಲ ಎತ್ತಿಕೊಡು ಎಂದು ಮೂರು ಸಲ ಕರೆದಳು. ನಾಲ್ಕನೇ ಸಲಕ್ಕೆ ನಾನು ರೇಗಿದೆ. ಇಬ್ಬರಿಗೂ ಆಶ್ಚರ್ಯವಾಯಿತು. ರೇಗದೆ ಒಂದು ವರ್ಷವಾಗಿತ್ತು.

ಬೇರೆ ಕೌಶಲಗಳೂ ನಡೆಯುತ್ತಿವೆ. ಸುಲಭದ್ದನ್ನು ಮೊದಲು ಬರೆಯುವುದು. ಬಾರದ್ದಕ್ಕೆ ಜಾಗ ಬಿಟ್ಟು ಮುಂದೆ ಹೋಗುವುದು. ಕೊನೆಯ ಹತ್ತು ನಿಮಿಷ ತಿರುಗಿ ಓದುವುದು. ಇವೆಲ್ಲ ಯಾವ ಟೀಚರಾದರೂ ಹೇಳುವಂಥವು. ಜಡ್ಜಮ್ಮ ಇವನ್ನು ಗೌರವದಿಂದ ಕೇಳಿಸಿಕೊಂಡು, ಬಂದ ದೊಡ್ಡಮ್ಮನಿಗೆ ನೀರು ಕೊಟ್ಟ ಹಾಗೆ, ಒಳಗೆ ಹೋಗುತ್ತಾಳೆ.

ಮಾರ್ಚ್ 7, ಶುಕ್ರವಾರ

ನಡೆದುಕೊಂಡು ಕಾಲೇಜಿನ ಕಡೆ ಹೋಗಿದ್ದೆ. ಈ ಸಲದ ಪರೀಕ್ಷೆಯ ಫಾರ್ಮ್ ಕೊಡಲು ಇವತ್ತೇ ಕೊನೆಯ ದಿನ. ಕಿಟಕಿ ಸಣ್ಣದು, ಒಳಗಿನವರು ತಲೆ ಎತ್ತದೆ ಕೇಳಿದರು: "ನೀನೇನಾ ಆ ಪತ್ರದವನು?" ಹೌದೆಂದೆ. "ಚೆನ್ನಾಗಿತ್ತಪ್ಪ" ಎಂದು ಸೀಲು ಹೊಡೆದರು. ಪರೀಕ್ಷೆ ಏಪ್ರಿಲ್ 9ಕ್ಕೆ.

ಬರುವಾಗ ಬಿಸಿಲು ಜೋರಾಗಿತ್ತು. ಬೇರೇನಿಲ್ಲ.

ಮಾರ್ಚ್ 11, ಮಂಗಳವಾರ

ನಾಳೆ.

ಅಕ್ಕ ಎರಡು ಪೆನ್ನು, ಸ್ಕೇಲು, ನೀರಿನ ಬಾಟಲಿ ಜೋಡಿಸಿಟ್ಟಳು. ಜಡ್ಜಮ್ಮ ಸ್ಕೇಲನ್ನು ತೆಗೆದು ವಾಪಸ್ ಕೊಟ್ಟಳು. ಮಾರ್ಜಿನ್ನನ್ನು ಹಾಳೆ ಮಡಚಿಯೂ ಮಾಡಬಹುದಂತೆ.

"ಸ್ಕೇಲಿಲ್ದೆ ಗಣಿತಕ್ಕೆ ಹೋಗ್ತಾರೇನೇ?" ಎಂದು ಅಕ್ಕ ನನ್ನ ಮುಖ ನೋಡಿದಳು, ನಾನೇನೋ ಹೇಳಿಕೊಟ್ಟೆ ಅನ್ನುವ ಹಾಗೆ.

"ನಾಳೆ ಚಿತ್ರ ಬಿಡಿಸೋ ಪ್ರಶ್ನೆ ಬರಲ್ಲಮ್ಮ. ಮಿಸ್ ಹೇಳಿದಾರೆ."

ಸಂಜೆ ನನ್ನನ್ನು ಬಾಲ್ಕನಿಗೆ ಕರೆದು ಆದೇಶ ಹೊರಡಿಸಿದಳು: "ಮಾಮ, ನಾಳೆ ಗೇಟ್ ಹತ್ರ ಬಂದ್ರೆ ಮುಖ ಗಿಖ ಮಾಡಬಾರದು."

"ಮಾಡಲ್ಲ."

"ನಗಿಸಬಾರದು."

"ಇಲ್ಲಮ್ಮ."

"ಮತ್ತೆ 'ಆಲ್ ದಿ ಬೆಸ್ಟ್' ಅನ್ನಬಾರದು. ಎಲ್ಲರೂ ಅಂತಾರೆ, ಆಗ ಶುರುವಾಗುತ್ತೆ."

"ಮತ್ತೇನನ್ನಲಿ?"

"ಏನೂ ಅನ್ನಬೇಡ. ಬ್ಯಾಗ್ ಕೊಡು, ಸಾಕು."

ಮಾರ್ಚ್ 12, ಬುಧವಾರ

ಬ್ಯಾಗ್ ಕೊಟ್ಟೆ. ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ಪರೀಕ್ಷೆ ಹತ್ತರಿಂದ ಹನ್ನೆರಡು. ಹೋಗಿ ಬರಬಹುದಿತ್ತು, ಹೋಗಲಿಲ್ಲ. ಎದುರಿನ ಸೈಕಲ್ ಅಂಗಡಿಯ ಕಲ್ಲಿನ ಮೇಲೆ ಕೂತೆ. ಗೇಟಿನ ಹತ್ತಿರ ಅಪ್ಪ ಅಮ್ಮಂದಿರ ಗುಂಪು. ಒಬ್ಬ ಅಪ್ಪ ಬೆರಳು ಮಡಚಿ ಏನೋ ಎಣಿಸುತ್ತಿದ್ದ. ಒಬ್ಬಾಕೆ ಪುಸ್ತಕ ತೆರೆದಿಟ್ಟುಕೊಂಡು ತಾನೇ ಬಾಯಿಪಾಠ ಮಾಡುತ್ತಿದ್ದಳು. ಮಗ ಒಳಗೆ ಹೋಗಿ ಅರ್ಧ ಗಂಟೆಯಾಗಿತ್ತು. ಬೇರೆ ದಿನವಾಗಿದ್ದರೆ ಇವರ ಮೇಲೆ ಎರಡು ಪುಟ ಬರೆಯುತ್ತಿದ್ದೆ.

ಹತ್ತೂ ಇಪ್ಪತ್ತೊಂದಕ್ಕೆ ಎದ್ದು ನಿಂತೆ. ನಿಂತು ಏನು ಮಾಡುವುದು ತಿಳಿಯದೆ ಕೂತೆ. ಸೈಕಲ್ ಅಂಗಡಿಯವನು ಕೇಳಿದ, "ಏನಣ್ಣ, ಮಗಳಾ?" "ಸೊಸೆ" ಎಂದೆ. "ಅಕ್ಕನ ಮಗಳು."

ಹನ್ನೆರಡಕ್ಕೆ ಬೆಲ್ಲು. ಮಕ್ಕಳು ಹರಿದು ಬಂದರು. ಬೆರಳು ಮಡಚುತ್ತಿದ್ದ ಅಪ್ಪ ಗೇಟಲ್ಲೇ ಮಗನನ್ನು ಹಿಡಿದು ಮೂರನೆಯದಕ್ಕೆ ಏನು ಬರೆದೆ, ನಾಲ್ಕನೆಯದಕ್ಕೆ ಏನು ಬರೆದೆ ಎಂದು ಶುರುಮಾಡಿದ. ಜಡ್ಜಮ್ಮ ಎಲ್ಲರಿಗಿಂತ ಕೊನೆಗೆ ಬಂದಳು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ, ಯಾವತ್ತು ಗೊತ್ತಾಗಿದೆ? ಬ್ಯಾಗ್ ನನ್ನ ಕೈಗೆ ಕೊಟ್ಟು ನಡೆಯತೊಡಗಿದಳು. ನಾನು ಕೇಳಲಿಲ್ಲ. ಔಷಧಿ ಅಂಗಡಿ ದಾಟಿದ ಮೇಲೆ ಅವಳೇ ಹೇಳಿದಳು.

"ನಲವತ್ನಾಲ್ಕು, ಮಾಮ."

"ಮಾರ್ಕ್ಸಾ?"

"ನಿಮಿಷ."

ನಾನು ನಿಂತೆ. ಅವಳು ನಿಲ್ಲಲಿಲ್ಲ, ಆದ್ದರಿಂದ ಮತ್ತೆ ನಡೆದೆ.

"ಇಪ್ಪತ್ತೊಂದಾಯ್ತು. ಹೋಗಲಿಲ್ಲ. ಮೂವತ್ತಾಯ್ತು. ನಮ್ಮ ಲೆಕ್ಕ ತಪ್ಪು ಅಂದ್ಕೊಂಡೆ. ಆಮೇಲೆ ಮಿಸ್ ಬಂದು, ಯಾಕೆ ಬರೀತಿಲ್ಲ ಅಂದ್ರು."

"ನೀನೇನಂದೆ?"

"ಕಾಯ್ತಾ ಇದೀನಿ ಮಿಸ್ ಅಂದೆ."

"ಅವರೇನಂದ್ರು?"

"ಏನೂ ಅನ್ನಲಿಲ್ಲ. ಕಿಟಕಿ ತೆಗೆದು ಹೋದ್ರು." ಒಂದು ಕಲ್ಲನ್ನು ಒದ್ದಳು. "ಆಮೇಲೆ ಬರೆದೆ. ಇಪ್ಪತ್ತು ಪ್ರಶ್ನೇಲಿ ಹನ್ನೊಂದು. ಕೊನೇದೆಲ್ಲ ಬರ್ತಿತ್ತು, ಟೈಮ್ ಆಗೋಯ್ತು."

ನನಗೆ ಏನಾದರೂ ತಮಾಷೆಯಾಗಿ ಹೇಳಬೇಕೆಂದು ಅನ್ನಿಸಿತು. ಒಂದೂ ಬರಲಿಲ್ಲ. ಬಾರದಿದ್ದರೆ ಪರವಾಗಿಲ್ಲ ಅನ್ನಿಸಿ ಸುಮ್ಮನೆ ನಡೆದೆ.

ಮಾರ್ಚ್ 21, ಶುಕ್ರವಾರ

ಫಲಿತಾಂಶ. ಗಣಿತ: ನೂರಕ್ಕೆ ನಲವತ್ತೊಂಬತ್ತು. ಮೂವತ್ತೈದು ಬಂದರೆ ಸಾಕಿತ್ತು. ಜಡ್ಜಮ್ಮ ಮುಂದಿನ ಕ್ಲಾಸಿಗೆ. ಪೇಪರನ್ನು ಮೇಜಿನ ಮೇಲೆ ಎಸೆದು ಗೆಳತಿಯ ಮನೆಗೆ ಓಡಿದಳು. ತೀರ್ಪಿನ ಪ್ರತಿಯನ್ನು ನೋಡಲು ನ್ಯಾಯಾಧೀಶರಿಗೇ ಆಸಕ್ತಿಯಿಲ್ಲ.

ನೋಡಿದ್ದು ನಾನು. ಮೊದಲ ಉತ್ತರದ ಶುರುವಿನಲ್ಲಿ ಒಂದು ಚುಕ್ಕೆ ಇದೆ, ಕಡಲೆ ಗಾತ್ರದ್ದು, ಹಿಂದಿನ ಪುಟಕ್ಕೂ ಇಳಿದಿದೆ. ಅದರ ಪಕ್ಕದಿಂದ ಬರವಣಿಗೆ ಶುರುವಾಗಿದೆ.

ಅಕ್ಕ ಹಲ್ಲು ಉಜ್ಜುವ ಮಷೀನಿನ ಮುಂದೆ ಕೂತಿದ್ದಳು. ಖುಷಿಯಾದರೆ ಅವಳಿಗೆ ಬಾಯಿ ಜಾಸ್ತಿ. "ಅವಳದ್ದು ಮುಗೀತು. ಇನ್ನು ನಿಂದು. ಈ ಸಲ ಪತ್ರ ಗಿತ್ರ ಬರೀಬೇಡಪ್ಪ, ನಗೋಕೆ ನಂಗೆ ಟೈಮಿಲ್ಲ. ನಲವತ್ತು ಸೆಟ್ಟು ಬಾಕಿ ಇದೆ."

"ಅಕ್ಕ, ಅದು ತಮಾಷೆಗೆ ಬರೆದದ್ದಲ್ಲ."

"ಹ್ಞಾಂ?"

"ನಂಗೆ ಏನೂ ಹೊಳೀಲಿಲ್ಲ. ಓದಿದ್ದೆ. ಎಲ್ಲಾ ಓದಿದ್ದೆ. ಅಲ್ಲಿ ಕೂತ ಮೇಲೆ ಒಂದೂ ಬರಲಿಲ್ಲ. ಹೆದರಿಕೆಯಾಯ್ತು. ಅದಕ್ಕೆ ಬರೆದೆ."

ಅವಳು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದಳು. ಮಷೀನು ತಿರುಗುತ್ತಲೇ ಇತ್ತು.

"ಆವತ್ತೇ ಹೇಳೋಕೆ ಏನಾಗಿತ್ತೋ ನಿಂಗೆ?"

"ಎಲ್ಲರೂ ನಗ್ತಾ ಇದ್ರಲ್ಲ."

"ನಾನೂನಾ?"

"ನೀನೇ ಜಾಸ್ತಿ."

ಅಕ್ಕ ಕೈಯಲ್ಲಿದ್ದ ಸೆಟ್ಟನ್ನು ಮೇಜಿನ ಮೇಲೆ ಇಟ್ಟಳು, ಮತ್ತೆ ಎತ್ತಿಕೊಂಡಳು, ಮತ್ತೆ ಇಟ್ಟಳು. ಮಷೀನು ಸುಮ್ಮನೆ ತಿರುಗುತ್ತಿತ್ತು. ನಾನೇ ಹೋಗಿ ಸ್ವಿಚ್ಚು ಆರಿಸಿ, ಅವಳ ಪಕ್ಕದ ಸ್ಟೂಲಿನ ಮೇಲೆ ಕೂತೆ.